ದೊಡ್ಡವರ ಸೀಟು

ಶರಾವತಿ ಹೊಳೆಯಲ್ಲಿ ದುರ್ಗಯ್ಯ ಹರಿಕಂತ್ರನ ಮೋಟಾರು ದೋಣಿ ಹೊರಟಿತ್ತು. ದೋಣಿಗಳ ತಪಾಸಣೆಗೆ ಬಂದಿದ್ದ ಸಮಿತಿಯ ಅಧ್ಯಕ್ಷರು ಎಲ್ಲರಿಗಿಂತ ಮುಂದೆ ಕುಳಿತರು. ಹಿಂಬಾಲಕರೂ ಅಲ್ಲೇ ಒತ್ತಿಕೊಂಡರು. ದೋಣಿಯ ಮೂತಿ ತಗ್ಗಿ, ನೀರು ಒಳನುಗ್ಗಿ, ಅಧ್ಯಕ್ಷರ ಬೂಟು ಮುಳುಗಿತು. ನೀರೆತ್ತುವ ಪಂಪು ಇದ್ದದ್ದು ಹಿಂದುಗಡೆ. ಅದು ಬರೀ ಗಾಳಿ ಎಳೆಯುತ್ತಿತ್ತು.

"ಪಂಪೇ ಕೆಟ್ಟಿದೆ! ನಾಳೆಯಿಂದ ಈ ದೋಣಿ ಬಂದ್!" ಅಧ್ಯಕ್ಷರು ಗುಡುಗಿದರು.

ಹಿಂದೆ ಹೋಗಿ ಎಂದರೆ ಅವರಿಗೆ ಅವಮಾನ. ದುರ್ಗಯ್ಯ ಕೈಮುಗಿದ. "ತಪ್ಪಾಯ್ತು ಒಡೆಯಾ. ಮಂತ್ರಿಗಳು ಬಂದ್ರೆ ಹಿಂದೇನೇ ಕೂರೋದು, ಕಾರಿನ ಹಾಗೆ. ಮುಂದೆ ಅವರ ಗನ್‌ಮ್ಯಾನ್ ಕೂರ್ತಾನೆ."

ಅಧ್ಯಕ್ಷರು ಧಡಕ್ಕನೆ ಎದ್ದು ಹಿಂದೆ ಹೋದರು. ಹಿಂಬಾಲಕರೂ ಹೋದರು. ಮೂತಿ ಮೇಲೆದ್ದಿತು. ನೀರೆಲ್ಲ ಹಿಂದಕ್ಕೆ ಹರಿದು, ಪಂಪಿನಿಂದ ಭರ್ರನೆ ಹೊರಬಿತ್ತು.

"ನೋಡಿದ್ಯಾ? ನಾನು ಗದರಿದ್ದಕ್ಕೆ ಪಂಪು ಸರಿಹೋಯ್ತು!"

"ಹೌದು ಒಡೆಯಾ," ಎಂದ ದುರ್ಗಯ್ಯ.

ಮರುದಿನವೇ ಹಿಂದಿನ ಸೀಟಿನ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ: 'ಗಣ್ಯರಿಗೆ ಮಾತ್ರ.' ಅಂದಿನಿಂದ ಪಂಪಿನ ಬಗ್ಗೆ ಯಾರದೂ ದೂರಿಲ್ಲ.