ಕೊರಡು ಹೊತ್ತ ಆಡು

ಮಾಳಪ್ಪನೆಂಬ ಕುರಿಗಾರನಿದ್ದ. ಅವನ ಮಂದೆಯ ತುಂಬ ಕುರಿಗಳು, ಆಡು ಮಾತ್ರ ಒಂದೇ ಒಂದು. ಕುರಿಗಳು ತಲೆ ತಗ್ಗಿಸಿಕೊಂಡು, ಒಂದರ ಹಿಂದೆ ಒಂದು ಮೇಯುತ್ತ ಹೋಗುತ್ತಿದ್ದವು. ಆಡಿಗೆ ಅಷ್ಟು ಸಮಾಧಾನ ಎಲ್ಲಿಂದ ಬರಬೇಕು? ಎಲ್ಲರಿಗಿಂತ ಮುಂದೆ ಓಡುವುದು, ಕಂಡವರ ಬೇಲಿಗೆ ಮುಂಗಾಲು ಕೊಟ್ಟು ನಿಂತು ಚಿಗುರು ಕಡಿಯುವುದು. ಹೊಲದವರು ಮಾಳಪ್ಪನನ್ನು ಹಿಡಿದು ಬೈಯುತ್ತಿದ್ದರು.

ಒಂದು ದಿನ ಅವನಿಗೆ ರೇಗಿಹೋಯಿತು. ತುಡುಗು ದನಕ್ಕೆ ಕಟ್ಟುವ ಹಾಗೆ ಆಡಿನ ಕೊರಳಿಗೂ ಒಂದು ಮರದ ಕೊರಡು ಕಟ್ಟಿದ. ಓಡಿದರೆ ಅದು ಮೊಣಕಾಲಿಗೆ ಬಡಿಯುತ್ತಿತ್ತು.

“ಇನ್ ಮ್ಯಾಲ ಇದನ್ನ ಕುರಿ ಮಾಡ್ತೀನಿ ನೋಡು,” ಎಂದ ಹೆಂಡತಿಗೆ.

ಲಗಮವ್ವ ನಕ್ಕಳು. “ಅದು ಹುಟ್ಟಿದ್ದ ಆಡಾಗಿ. ಅದನ್ನ ಕುರಿ ಮಾಡಾಕ ಹೋಗಿ ನೀವ ಕುರಿ ಆದೀರಿ, ಹುಷಾರ್ರಿ!”

ಆಡು ಸುಮ್ಮನಾಯಿತು. ಮಂದೆಯ ಹಿಂದೆ ಕುಂಟುತ್ತ ಬರತೊಡಗಿತು. ಬೈಗುಳವೂ ನಿಂತಿತು. ಮಾಳಪ್ಪ ಮೀಸೆ ತಿರುವಿಕೊಂಡ.

ಕೆಲವು ದಿನಗಳ ಮೇಲೆ ಮಂದೆ ಹಳ್ಳದ ನಡುವಿನ ದಿಬ್ಬದಲ್ಲಿ ಮೇಯುತ್ತಿತ್ತು. ಅಂದು ಲಗಮವ್ವನೂ ಗಂಡನ ಜೊತೆ ಬಂದಿದ್ದಳು. ಮೇಲೆಲ್ಲೋ ಮಳೆಯಾಗಿ ಹಳ್ಳಕ್ಕೆ ಕೆಂಪು ನೀರು ಬಂತು. ಕೂಡಲೇ ದಾಟದಿದ್ದರೆ ದಿಬ್ಬ ಮುಳುಗುತ್ತದೆ, ಮಂದೆಯೆಲ್ಲ ನೀರುಪಾಲು. ಮಾಳಪ್ಪ ಕೂಗಿದ, ಕೋಲು ಬೀಸಿದ, ಒಂದು ಟಗರಿನ ಕೊಂಬು ಹಿಡಿದು ಎಳೆದೂ ನೋಡಿದ. ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತವೇ ಹೊರತು ಹೆಜ್ಜೆ ಕೀಳಲಿಲ್ಲ. ಮುಂದೆ ಯಾರಾದರೂ ಹೋದರೆ ತಾನೇ ಅವು ಹೋಗುವುದು!

“ಏನ್ ನೋಡ್ಕೋತ ನಿಂತ್ರಿ?” ಲಗಮವ್ವ ಚೀರಿದಳು. “ಆ ಆಡಿನ ಹಗ್ಗ ಕೊಯ್ರಿ ಮೊದಲ!”

ಮಾಳಪ್ಪ ಕುಡುಗೋಲಿನಿಂದ ಹಗ್ಗ ಕೊಯ್ದ. ಕೊರಡು ಕೆಳಗೆ ಬಿತ್ತು. ಆಡು ಒಮ್ಮೆ ಮೈ ಕೊಡವಿ ನೀರಿನ ನಡುವಿನ ಬಂಡೆಗೆ ನೆಗೆಯಿತು, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಆಚೆ ದಡಕ್ಕೆ. ಅದು ಹೋಗಿದ್ದನ್ನು ಕಂಡಿದ್ದೇ ತಡ, ಕುರಿಗಳು ದಬದಬನೆ ಅದರ ಹಿಂದೆ ಬಿದ್ದವು. ಗಂಡ ಹೆಂಡತಿ ಮರಿಗಳನ್ನು ಹೆಗಲ ಮೇಲೆ ಹೊತ್ತು ದಾಟಿದರು. ತಿರುಗಿ ನೋಡಿದರೆ ದಿಬ್ಬವೇ ಕಾಣಲಿಲ್ಲ.

ಮಾಳಪ್ಪನ ಕಣ್ಣು ತುಂಬಿ ಬಂತು. ಆಡಿನ ಕೊರಳಲ್ಲಿ ಹಗ್ಗ ಉಜ್ಜಿ ಗಾಯವಾಗಿತ್ತು. ಅದನ್ನು ಮೆಲ್ಲಗೆ ಸವರಿ, “ತಪ್ಪಾತವ್ವಾ,” ಎಂದ. ಕೇಳಿಸಿಕೊಳ್ಳಲು ಆಡಿಗೆ ಪುರುಸೊತ್ತೆಲ್ಲಿತ್ತು? ಅದು ಆಗಲೇ ದಡದ ಜಾಲಿಗಿಡಕ್ಕೆ ಮುಂಗಾಲು ಕೊಟ್ಟಿತ್ತು.

ನೀತಿ: ಹುಟ್ಟುಗುಣವನ್ನು ಕಟ್ಟಿಹಾಕಬೇಡಿ, ಅದಕ್ಕೆ ತಕ್ಕ ಕೆಲಸ ಕೊಡಿ. ಇಂದು ನಮಗೆ ಬೈಗುಳ ತರುವ ಗುಣವೇ ನಾಳೆ ನಮ್ಮನ್ನು ದಡ ಸೇರಿಸಬಹುದು.