ಮಡಿವಾಳ ಟ್ಯಾಬ್ಲೆಟ್ ಜೋಡಿಸಿದ್ದು

ಧಾರವಾಡದಲ್ಲಿ ಕಸೂತಿ ಹಾಕುವ ಸಾವಂತ್ರವ್ವ ಎಂಬವಳಿದ್ದಳು. ಅವಳ ಕಸೂತಿಯನ್ನು ಹಿಂದೆ ತಿರುಗಿಸಿ ನೋಡಿದರೂ ಒಂದು ಗಂಟು ಕಾಣುತ್ತಿರಲಿಲ್ಲ. ಅವಳಿಗೆ ಮಡಿವಾಳ ಎಂಬ ಮಗನಿದ್ದ. ಹೇಳಿದ್ದನ್ನು ಹೇಳಿದಂತೆಯೇ ಮಾಡುವುದು ಅವನ ಗುಣ. ಅದೇ ಅವಳ ಚಿಂತೆ.

ಸೀರೆ ಅಂಗಡಿಯ ಶೆಟ್ಟರು, "ಗೋಪುರದ ಚಿತ್ರ ಕಂಪ್ಯೂಟರಿನ್ಯಾಗ ಬರದು ಸಂಜಿಯೊಳಗ ಕಳಸ್ರಿ. ಮದುವಿ ಸೀರಿ ಕೆಲಸ ನಿಮಗ. ಇಲ್ಲಾಂದ್ರ ಬ್ಯಾರೇದವರಿಗೆ" ಎಂದಿದ್ದರು. ಅದಕ್ಕೆಂದೇ ಸಾವಂತ್ರವ್ವ, ಪೆನ್ನಾಡಿಸಿದರೆ ಪರದೆಯಲ್ಲಿ ಗೆರೆ ಮೂಡುವ ಟ್ಯಾಬ್ಲೆಟ್ ತರಿಸಿದಳು. ಕಂಪ್ಯೂಟರು ಹಳೆಯದು, ಮಡಿವಾಳನ ಕಂಪ್ಯೂಟರ್ ಕ್ಲಾಸಿನ ಹಂಚಿನಮನಿ ಸರ್ ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟಿದ್ದರು. ಟ್ಯಾಬ್ಲೆಟ್ ಜೋಡಿಸುವ ಕೆಲಸ ಮಡಿವಾಳನ ಪಾಲಿಗೆ ಬಂತು.

ತಂತಿ ಸಿಕ್ಕಿಸಿದ. ಟ್ಯಾಬ್ಲೆಟ್ ನಡೆಸುವ ಡ್ರೈವರ್ ಎಂಬ ತಂತ್ರಾಂಶ ಹಾಕಲು ಲಿನಕ್ಸ್ ಪಾಸ್‌ವರ್ಡ್ ಕೇಳಿತು. ಒತ್ತಿದ, ಒಂದು ಅಕ್ಷರವೂ ಮೂಡಲಿಲ್ಲ. ಕೈಕಟ್ಟಿ ಕೂತ. ಊಟದ ಹೊತ್ತಾಯಿತು.

"ಯಾಕಪಾ ಸುಮ್ಮನ ಕುಂತಿ?"

"ಅಕ್ಷರ ಬರವಲ್ಲವು ಯವ್ವಾ. ಬರಲಿ ಅಂತ ಕುಂತೀನಿ."

ಅವ್ವ ಸರ್‌ಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. "ಪಾಸ್‌ವರ್ಡ್ ಅಲ್ಲಿ ಕಾಣಂಗಿಲ್ಲೋ ಮಾರಾಯಾ. ಕಾಣಲಿ ಬಿಡಲಿ, ನಿನ್ನ ಕೈ ನಡೀತಿರಲಿ."

"ಕೇಳಿದೇನು, ಕತ್ತೆ?" ಎಂದಳು ಅವ್ವ. "ಕಾಣಲಿ ಬಿಡಲಿ, ಕೈ ನಡೀತಿರಲಿ. ನೆನಪಿಟ್ಕೊ."

ನೆನಪಿಟ್ಟುಕೊಂಡ. ಡ್ರೈವರ್ ಕೂತಿತು, ಗೆರೆ ಮೂಡಿತು. ಕಾಗದದ ಮೇಲಿದ್ದ ಗೋಪುರವನ್ನು ನೋಡಿ ಬರಿ ಎಂದು ಹೇಳಿ ಅವ್ವ ರೊಟ್ಟಿ ಬಡಿಯಲು ಹೋದಳು. ಕರೆಂಟ್ ಹೋಯಿತು. ಅವಳು ತಿರುಗಿ ಬಂದಾಗ ಮಡಿವಾಳ ಕಪ್ಪು ಪರದೆಯ ಮುಂದೆ ಬೆವರೊರೆಸಿಕೊಳ್ಳುತ್ತ ಕಳಸ ಬರೆಯುತ್ತಿದ್ದ.

"ಕರೆಂಟ ಇಲ್ಲಲ್ಲೋ."

"ಕಾಣಲಿ ಬಿಡಲಿ ಅಂದಿದ್ದಿ."

"ಅಯ್ಯ ಶಿವನ. ಏನರ ನಿಂತ್ರ ಹಂಗ ನಡಸಬಾರದು. ಪ್ಲಗ್ ಕಿತ್ತು ತಿರುಗಿ ಹಾಕಬೇಕು. ಊರೆಲ್ಲಾ ಹಂಗ ಮಾಡ್ತದ."

ಕರೆಂಟ್ ಬಂತು. ಇವನನ್ನು ನಂಬದೆ ಅವ್ವನೇ ಪೆನ್ನು ಹಿಡಿದಳು. ಗೋಪುರ ಏರಿತು, ಕಳಸವೊಂದೇ ಬಾಕಿ. ಹಳದಿಯೋ ಕೆಂಪೋ ಎಂದು ಯೋಚಿಸಲು ಅವಳ ಕೈ ಒಂದು ಗಳಿಗೆ ನಿಂತಿತು. ನಿಂತದ್ದನ್ನು ಮಡಿವಾಳ ನೋಡಿದ. ಕಂಪ್ಯೂಟರಿನ ಪ್ಲಗ್ ಕಿತ್ತ. ತಿರುಗಿ ಹಾಕಿದ.

ಗೋಪುರ ಹೋಯಿತು.

ಸಾವಂತ್ರವ್ವ ಮಗನನ್ನು ಪ್ಲಗ್ಗಿನಿಂದ ದೂರ ಕೂರಿಸಿದಳು. ಮತ್ತೆ ಬುಡದಿಂದ ಬರೆದಳು, ತಾನೇ ಸೇವ್ ಮಾಡಿದಳು. ಹೊತ್ತು ಇಳಿದಿತ್ತು.

"ಶೆಟ್ಟರಿಗೆ ಕಳಸೋದೊಂದು ನೀ ಮಾಡು," ಎಂದಳು. ಬಾಯಿಗೆ ರೂಢಿಯಾದ ಮಾತನ್ನೂ ಸೇರಿಸಿದಳು: "ಕೆಲಸ ಮನಿ ಬಿಡೂಕಿಂತ ಮೊದಲ ಹಿಂದ ತಿರುಗಿಸಿ ನೋಡಬೇಕು. ಗಂಟಿದ್ರ ಕತ್ತರಿಸಬೇಕು. ಎರಡೂ ಕಡೆ ಒಂದ ಥರ ಕಾಣಬೇಕು."

ಮೋರೆ ತೊಳೆದು ಬಂದಳು. ಮಾನಿಟರ್ ಗೋಡೆಗೆ ಮುಖ ಮಾಡಿ ನಿಂತಿತ್ತು. ನೆಲದ ತುಂಬ ತಂತಿಯ ತುಂಡು. ಮಡಿವಾಳ ಕಸೂತಿಯ ಕತ್ತರಿಯನ್ನು ಒರೆಸಿ ಡಬ್ಬಿಗೆ ಇಡುತ್ತಿದ್ದ. ಪ್ಲಗ್ ಮೊದಲೇ ಕಿತ್ತಿದ್ದ. ಅಷ್ಟು ಬುದ್ಧಿ ಬಂದಿತ್ತು.

ಶೆಟ್ಟರ ಫೋನ್ ಬಂತು. ಅವ್ವ ತಂತಿಯ ತುಂಡು ಆರಿಸುತ್ತಿದ್ದಳು. ಮಡಿವಾಳನೇ ಎತ್ತಿಕೊಂಡ.

"ಹಿಂದ ಬರೇ ಗಂಟ ಇದ್ದೂರಿ, ಶೆಟ್ಟರ. ಎಲ್ಲಾ ಕತ್ತರಿಸೀನಿ. ಈಗ ಹಿಂದ ನೋಡಿದ್ರೂ ಕರಿ, ಮುಂದ ನೋಡಿದ್ರೂ ಕರಿ. ಎರಡೂ ಕಡೆ ಒಂದ ಥರ ಐತಿ. ಬಂದು ನೋಡ್ರಿ ಬೇಕಾದ್ರ."