ಹೆದರದ ಕಾಡುಕುರಿಯ ರುಚಿ

ಯಾವ ಜಿಂಕೆಯ ಮಾಂಸಕ್ಕೆ ಎಂಥ ರುಚಿ, ಅದು ಎಲ್ಲಿಂದ ಬಂತು ಎಂಬುದನ್ನು ಆ ಕಾಡಿನಲ್ಲಿ ಮುದಿ ಹೆಣ್ಣುಹುಲಿಯಷ್ಟು ತಿಳಿದವರು ಇರಲಿಲ್ಲ. ಒಂದು ಬೆಳಿಗ್ಗೆ ಅದರ ಪಂಜದಡಿ ಕಾಡುಕುರಿ ಎಂಬ ಪುಟ್ಟ ಜಾತಿಯ ಜಿಂಕೆಯೊಂದು ಸಿಕ್ಕಿಬಿತ್ತು.

“ಕಡವೆಗೆ ರುಚಿ ಬರುವುದು ಬಿದಿರಿನ ಚಿಗುರಿನಿಂದ, ಚುಕ್ಕೆಜಿಂಕೆಗೆ ಎಳೆಹುಲ್ಲಿನಿಂದ. ನಿನಗೆ ಅತ್ತಿಹಣ್ಣಿನಿಂದ. ಸರಿ ತಾನೇ?” ಎಂದಿತು ಹುಲಿ.

“ತಪ್ಪು ಅಜ್ಜಿ. ನೀನು ತಿಂದದ್ದೆಲ್ಲ ಹೆದರಿ ಓಡಿದವರ ಮಾಂಸ. ಹೆದರಿಕೆಗೆ ಮಾಂಸ ಕೆಡುತ್ತದೆ. ನಮ್ಮ ನಿಜವಾದ ರುಚಿಯನ್ನು ನೀನಿನ್ನೂ ನೋಡಿಯೇ ಇಲ್ಲ.”

ಹುಲಿಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಕುತೂಹಲ ಕೆರಳಿತು. ಹೌದಲ್ಲ, ಹೆದರದ ಜಿಂಕೆಯನ್ನು ತಾನು ಒಮ್ಮೆಯೂ ತಿಂದಿಲ್ಲವಲ್ಲ! ಮೆಲ್ಲಗೆ ಪಂಜ ಎತ್ತಿತು. “ಈಗ ಹೆದರಿಕೆ ಹೋಯಿತೇ?”

“ನಿನ್ನ ಮೀಸೆ ಕಾಣುತ್ತಿರುವಾಗ ಹೇಗೆ ಹೋದೀತು? ಆ ಬಂಡೆಯ ಹಿಂದೆ ಕೂತುಕೋ ಅಜ್ಜಿ. ಇಣುಕಬೇಡ ಮತ್ತೆ.”

ಹುಲಿ ಬಂಡೆಯ ಹಿಂದೆ ಹೋಗಿ ಕಣ್ಣು ಮುಚ್ಚಿ ಕೂತಿತು. ಬಿಸಿಲೇರಿತು. “ಹೋಯಿತೇನೇ?” ಎಂದು ಕೂಗಿತು. ಉತ್ತರವಿಲ್ಲ. ಇನ್ನೊಮ್ಮೆ ಕೂಗಿತು. ಒಂದು ಎಲೆಯೂ ಅಲುಗಲಿಲ್ಲ.

‘ಇಷ್ಟು ಸದ್ದಿಲ್ಲದೆ ಇದೆಯೆಂದರೆ ಹೆದರಿಕೆ ಪೂರ್ತಿ ಹೋಗಿರಬೇಕು’ ಎಂದುಕೊಂಡಿತು ಹುಲಿ. ಅದರ ಬಾಯಲ್ಲಿ ನೀರೂರಿತು.